ಅವರ ಕಣ್ಣು ತೆರೆದೇ ಇತ್ತು

ಕಾರ್ಖಾನೆಗಳ ತನಿಖೆಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನನ್ನ ಗಂಡ ನಿದ್ದೆ ಮಾಡುತ್ತಿಲ್ಲ. ಅದಕ್ಕೆ ಕಾರಣ ನೀವು ಬರೆದ ಒಂದು ವಾಕ್ಯ. ಅದನ್ನು ನೀವೇ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಕೇಳುವುದಕ್ಕೆ ಈ ಪತ್ರ. ಇದೇ ಮಾತನ್ನು ನಿಮ್ಮ ಕಚೇರಿಗೆ ಹಿಂದೆಯೂ ಬರೆದಿದ್ದೆ, ಉತ್ತರ ಬರಲಿಲ್ಲ. ಬಹುಶಃ ನನ್ನ ಕಾಗದ ನಿಮ್ಮ ಬೀರುವಿನಲ್ಲಿ ಸುಖವಾಗಿ ಮಲಗಿರಬಹುದು. ನಮ್ಮ ಮನೆಯಲ್ಲಿ ಯಾರಿಗೂ ಇಲ್ಲದ ಭಾಗ್ಯ ಅದಕ್ಕಾದರೂ ಸಿಕ್ಕಿತಲ್ಲ ಎಂದು ಸಂತೋಷಪಡುತ್ತೇನೆ. ಆದ್ದರಿಂದ ಈ ಸಲ ನಾಲ್ಕು ಜನ ಓದುವ ಹಾಗೆ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ವಾಕ್ಯ ನಿಮಗೆ ನೆನಪಿರಲಾರದು. ನನಗೆ ಬಾಯಿಪಾಠವಾಗಿದೆ. "ಶಿವರಾತ್ರಿಯ ಉಪವಾಸ ಹಾಗೂ ಜಾಗರಣೆಯಿಂದ ಬಳಲಿದ್ದ ಕೆಲಸಗಾರ ಬಸವಲಿಂಗಪ್ಪನು ಕರ್ತವ್ಯದ ವೇಳೆಯಲ್ಲಿ ನಿದ್ರಾವಶನಾದ ಕಾರಣ ಕೆಲಸಗಾರ ಬೈರಯ್ಯನ ಮರಣ ಸಂಭವಿಸಿತು." ಮಾಗಡಿ ರಸ್ತೆಯ ಮಿಲ್ಲಿನವರು ಇದನ್ನು ಗೇಟಿನ ಪಕ್ಕದ ಹಲಗೆಗೆ ಅಂಟಿಸಿದ್ದಾರೆ. ಗಂಡನ ಹೆಸರನ್ನು ಹೆಂಡತಿ ಹೇಳಬಾರದೆಂದು ನಮ್ಮ ಕಡೆ ಕಟ್ಟುಪಾಡು. ಮದುವೆಯ ದಿನ ಒಡಪಿನ ಪದ್ಯದಲ್ಲಿ ಹೇಳಿದ್ದೇ ಕೊನೆ, ಆಮೇಲೆ ನನ್ನ ಬಾಯಲ್ಲಿ ಅದು ಬಂದಿರಲಿಲ್ಲ. ಈಗ ಗೇಟಿನ ಹತ್ತಿರ ಬೀಡಿ ಸೇದುತ್ತ ನಿಲ್ಲುವವರೆಲ್ಲ ಅದನ್ನು ಕೂಡಿಸಿಕೊಂಡು ಓದುತ್ತಿರುವಾಗ ನಾನೊಬ್ಬಳು ಬಾಯಿ ಮುಚ್ಚಿಕೊಂಡು ಯಾವ ಪುಣ್ಯ ಗಳಿಸಲಿ? ಬಸವಲಿಂಗಪ್ಪ ನನ್ನ ಗಂಡ. ಸತ್ತ ಬೈರಯ್ಯ ಅವರ ಸ್ನೇಹಿತ.

ನಾನು ರಾಜಾಜಿನಗರದ ಒಂದು ಮಾಧ್ಯಮಿಕ ಶಾಲೆಯಲ್ಲಿ ಉಪಾಧ್ಯಾಯಿನಿ. ಕನ್ನಡದ ಜೊತೆಗೆ ಆರೋಗ್ಯಶಾಸ್ತ್ರವನ್ನೂ ಹೇಳಿಕೊಡುತ್ತೇನೆ. ಸರ್ಕಾರ ಒಪ್ಪಿದ ಪುಸ್ತಕದಲ್ಲೇ ನಿದ್ರೆಯ ಮೇಲೊಂದು ಪಾಠವಿದೆ. ಅನ್ನವಿಲ್ಲದೆ ಇದ್ದೇವು, ನಿದ್ರೆಯಿಲ್ಲದೆ ಇರಲಾರೆವು ಎಂದು ಅದರ ಸಾರಾಂಶ. ಮಕ್ಕಳು ಅದನ್ನು ರಾಗವಾಗಿ ಒಪ್ಪಿಸುತ್ತಾರೆ. ಸರ್ಕಾರದ ಒಂದು ಇಲಾಖೆ ಮಕ್ಕಳಿಗೆ ಕಲಿಸುವುದನ್ನು ಇನ್ನೊಂದು ಇಲಾಖೆಯ ದೊಡ್ಡವರು ಓದಬಾರದೆಂದು ಏನಾದರೂ ನಿಯಮವಿದೆಯೇ? ಇದ್ದರೆ ತಿಳಿಸಿ, ತರಗತಿಯಲ್ಲಿ ಆ ಪುಟವನ್ನು ದಾಟಿಕೊಂಡು ಹೋಗುತ್ತೇನೆ.

ನೀವು ತನಿಖೆಗೆ ಬಂದ ದಿನ ನೋಡದೆ ಹೋದ ಕೆಲಸದ ರೀತಿಯನ್ನು ಮೊದಲು ಹೇಳಬೇಕು. ನನ್ನ ಗಂಡ, ಬೈರಯ್ಯ ಇಬ್ಬರೂ ಹತ್ತಿ ಬಡಿಯುವ ವಿಭಾಗದವರು. ಮೂಟೆ ಬಿಚ್ಚಿದ ಹತ್ತಿ ಮೊದಲು ಅಲ್ಲಿಗೆ ಬರುತ್ತದೆ. ಯಂತ್ರದೊಳಗೆ ಉಕ್ಕಿನ ಹಲ್ಲುಗಳು ತಿರುಗಿ ಅದನ್ನು ಬಡಿದು ಬಿಡಿಸುತ್ತವೆ. ಆಗಾಗ ಹತ್ತಿ ಒಳಗೆ ಸಿಕ್ಕಿಕೊಳ್ಳುತ್ತದೆ. ಆಗ ಯಂತ್ರ ನಿಲ್ಲಿಸಿ ಒಬ್ಬ ಒಳಗೆ ಬಗ್ಗಿ ಕಿತ್ತು ತೆಗೆಯಬೇಕು, ಇನ್ನೊಬ್ಬ ಸ್ವಿಚ್ಚಿನ ಹತ್ತಿರ ನಿಂತಿರಬೇಕು. ಅಕ್ಕಪಕ್ಕದ ಯಂತ್ರಗಳ ಗದ್ದಲದಲ್ಲಿ ಕೂಗಿದ್ದು ಕೇಳಿಸುವುದಿಲ್ಲ. ಅದಕ್ಕೇ ಬೈರಯ್ಯ ತನ್ನ ಹೆಗಲ ಮೇಲೆ ಯಾವಾಗಲೂ ಒಂದು ಕೆಂಪು ಟವಲ್ಲು ಹಾಕಿಕೊಂಡಿರುತ್ತಿದ್ದ. ಒಳಗಿನ ಕೆಲಸ ಮುಗಿಸಿ ಹೊರಗೆ ಬಂದು, ಬಾಗಿಲ ಹತ್ತಿರ ಬೆಳಕಿಗೆ ನಿಂತು, ಆ ಟವಲ್ಲನ್ನು ಎತ್ತಿ ಬೀಸುವುದು. ಟವಲ್ಲು ಕಂಡ ಮೇಲೆಯೇ ನನ್ನ ಗಂಡ ಸ್ವಿಚ್ಚು ಹಾಕುವುದು. ಅವರಿಬ್ಬರೇ ಮಾಡಿಕೊಂಡಿದ್ದ ಕಾನೂನು ಅದು. ನಿಮ್ಮ ಇಲಾಖೆಯ ಕಾನೂನಿಗಿಂತ ಚೆನ್ನಾಗಿಯೇ ನಡೆದುಕೊಂಡು ಬಂದಿತ್ತು.

ಸಂಕ್ರಾಂತಿಯ ಸುಮಾರಿಗೆ ಮಿಲ್ಲಿಗೆ ದೊಡ್ಡ ಆರ್ಡರು ಬಂತು. ಮುಂದೆ ಬೇಸಿಗೆಯಲ್ಲಿ ಕರೆಂಟು ಕಡಿತವಾಗುತ್ತದೆ, ಅಷ್ಟರೊಳಗೆ ಬಟ್ಟೆ ಹೊರಬೀಳಬೇಕು ಎಂದು ಒಂದು ಪಾಳಿ ಮುಗಿಸಿದವರನ್ನೇ ಮುಂದಿನ ಪಾಳಿಗೂ ನಿಲ್ಲಿಸಿಕೊಳ್ಳತೊಡಗಿದರು. ಜನ ನಿಂತಲ್ಲೇ ತೂಕಡಿಸಿದರು. ಮಿಲ್ಲಿನಲ್ಲಿ ಕಾರ್ಮಿಕ ಕಲ್ಯಾಣಾಧಿಕಾರಿ ಎಂಬುವರೊಬ್ಬರು ಇದ್ದಾರೆ. ಕಲ್ಯಾಣ ಮಾಡುವುದೇ ಅವರ ಉದ್ಯೋಗ. ಅವರು ಕ್ಯಾಂಟೀನಿನಲ್ಲಿ ಕಾಫಿಯ ಜೊತೆಗೆ ತಲೆಗೊಂದು ಬಿಳಿ ಮಾತ್ರೆ ಹಂಚಿಸಿದರು. ಯುದ್ಧದ ಕಾಲದಲ್ಲಿ ವಿಮಾನ ಹಾರಿಸುವವರಿಗೆ ಕೊಟ್ಟಂಥದ್ದಂತೆ, ನಿದ್ದೆಯನ್ನೂ ಆಯಾಸವನ್ನೂ ಓಡಿಸುತ್ತದಂತೆ. ಶಿವರಾತ್ರಿಗೆ ದೇವರ ಮುಂದೆ ಜಾಗರಣೆ ಮಾಡುವ ಜನ ನೀವು, ಅನ್ನ ಕೊಡುವ ಮಿಲ್ಲಿಗಾಗಿ ಮಾಡಬಾರದೇ ಎಂದು ಭಾಷಣವನ್ನೂ ಮಾಡಿದರಂತೆ. ನಮ್ಮ ಜನ ಎಂಥವರು ನೋಡಿ. ಆ ಮಾತ್ರೆಯನ್ನು ಅಂಗೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡು ನುಂಗಿದರು. ಔಷಧಿ ಯಾರು ಕೊಟ್ಟರೂ ಹಾಗೆಯೇ ತೆಗೆದುಕೊಳ್ಳುವುದು ನಮ್ಮ ರೂಢಿ.

ಮೊದಮೊದಲು ಅದು ಅಮೃತವೇ ಆಗಿತ್ತು, ಸುಳ್ಳು ಹೇಳಬಾರದು. ಪಾಳಿ ಮುಗಿಸಿ ಬಂದು ಗೋಡೆಗೊರಗಿ ಕೂತುಬಿಡುತ್ತಿದ್ದ ನನ್ನ ಗಂಡ ಲವಲವಿಕೆಯಿಂದ ಮಾತಾಡುತ್ತ ಬಂದರು. ಹಿತ್ತಲ ಬೇಲಿ ಕಟ್ಟಿದರು. ಮನೆಗೆ ಸುಣ್ಣ ಬಳಿದರು. ಅತ್ತೆ ಶಿವಕ್ಕನವರು ಮಗನಿಗೆ ಈಗ ಮೈಯಲ್ಲಿ ಕಸುವು ಬಂತು ಎಂದು ಸಂತೋಷಪಟ್ಟು ದೃಷ್ಟಿ ತೆಗೆದರು. ಆಮೇಲೆ ಇವರು ಸುಣ್ಣ ಬಳಿದ ಗೋಡೆಗೇ ಮತ್ತೆ ಬಳಿಯತೊಡಗಿದರು. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ನನ್ನ ಸೀಮೆಸುಣ್ಣದ ತುಂಡುಗಳನ್ನು ನೆಲದ ಮೇಲೆ ಉದ್ದದಿಂದ ಗಿಡ್ಡಕ್ಕೆ ಸಾಲಾಗಿ ಜೋಡಿಸುತ್ತ ಕೂತಿದ್ದರು. ಸಾಲು ಮುಗಿದ ಕೂಡಲೇ ಕಲಸಿ, ಮೊದಲಿನಿಂದ ಜೋಡಿಸುವರು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಹಲ್ಲು ಕಡಿಯುವ ಸದ್ದು ಅಡುಗೆಮನೆಗೆ ಕೇಳಿಸುತ್ತಿತ್ತು. ಹಾಸಿಗೆಯ ಮೇಲೆ ಮಲಗಿದರೂ ಕಣ್ಣು ಸೂರನ್ನೇ ನೋಡುತ್ತಿತ್ತು. ನನಗೆ ಭಯವಾಯಿತು. ಮಾತ್ರೆ ಬಿಡಿ ಎಂದೆ. ಬಿಟ್ಟರೆ ಪಾಳಿಯಲ್ಲಿ ನಿಲ್ಲಲಾಗುವುದಿಲ್ಲ, ನಿಲ್ಲಲಾರದವರು ಮನೆಗೆ ಹೋಗಬಹುದೆಂದು ಹೇಳಿದ್ದಾರೆ ಎಂದರು. ಹೀಗೆ ಮಾಘಮಾಸ ಕಳೆಯುತ್ತ ಬಂತು.

ಶಿವರಾತ್ರಿ ಬಂತು. ಮಿಲ್ಲು ರಜಾ ಕೊಡಲಿಲ್ಲ. ನನ್ನ ಗಂಡ ಆ ದಿನ ತೊಟ್ಟು ನೀರನ್ನೂ ಮುಟ್ಟದ ಉಪವಾಸದವರು. ಹುಡುಗರಾಗಿದ್ದಾಗಿನಿಂದ ನಡೆಸಿಕೊಂಡು ಬಂದದ್ದು. ಬೆಳಿಗ್ಗೆ ಲಿಂಗಪೂಜೆ ಮಾಡಿಕೊಂಡು, ವಿಭೂತಿ ಇಟ್ಟುಕೊಂಡು, ಸಂಜೆಯ ಪಾಳಿಗೆ ಹೋದರು. ಕ್ಯಾಂಟೀನಿನಲ್ಲಿ ಮಾತ್ರೆ ಕೈಗೆ ಬಂದಾಗ ಎಂದಿನಂತೆ ಕಣ್ಣಿಗೊತ್ತಿಕೊಂಡರು, ನುಂಗಲಿಲ್ಲ. ಉಪವಾಸ ಕೆಡುತ್ತದೆಂದು ಅಂಗಿಯ ಜೇಬಿಗೆ ಹಾಕಿಕೊಂಡರು. ಪಕ್ಕದಲ್ಲಿದ್ದ ಬೈರಯ್ಯ ನಕ್ಕನಂತೆ.

"ಮಾತ್ರೆ ಏನ್ ರಾಗಿಮುದ್ದೇನಣ್ಣ, ಉಪಾಸ ಕೆಡಕ್ಕೆ? ನುಂಗ್ಬುಡು, ಶಿವ ಏನೂ ಅನ್ಕಳಲ್ಲ."

ನನ್ನ ಗಂಡ ನುಂಗಲಿಲ್ಲ. ಇಷ್ಟು ದಿನ ಮಾತ್ರೆಯ ಬಲದಿಂದ ಎದ್ದು ನಿಂತಿದ್ದ ದೇಹವನ್ನು ಅದಿಲ್ಲದೆ ಆ ರಾತ್ರಿಯ ಪಾಳಿಗೂ ನಿಲ್ಲಿಸಿದರು. ಹಾಗೆ ಒಮ್ಮೆಲೇ ಬಿಟ್ಟರೆ ಏನಾಗುತ್ತದೆಂದು ಅವರಿಗೆ ಹೇಳಿದವರಿಲ್ಲ. ಕಲ್ಯಾಣಾಧಿಕಾರಿಗಳ ಭಾಷಣದಲ್ಲಿ ಆ ಭಾಗ ಇರಲಿಲ್ಲ.

ಅನಾಹುತವಾದದ್ದು ಮರುದಿನ ಬೆಳಿಗ್ಗೆ. ಬಿಸಿಲು ಬಂದಿತ್ತು, ಪಾಳಿ ಮುಗಿಯುತ್ತ ಬಂದಿತ್ತು. ಹತ್ತಿ ಸಿಕ್ಕಿಕೊಂಡು ಯಂತ್ರ ನಿಲ್ಲಿಸಿದ್ದರು, ಬೈರಯ್ಯ ಒಳಗೆ ಬಗ್ಗಿದ್ದ. ನನ್ನ ಗಂಡ ಸ್ವಿಚ್ಚಿನ ಮುಂದೆ ನಿಂತಿದ್ದರು. ಬಾಗಿಲ ಬೆಳಕಿನಲ್ಲಿ ಬೈರಯ್ಯ ನಿಂತು ನಗುತ್ತಿರುವುದು ಅವರಿಗೆ ಕಂಡಿತು. ಕೆಂಪು ಟವಲ್ಲು ಎತ್ತಿ ಬೀಸಿದ್ದು ಕಂಡಿತು. ಆಗಲಿ ಎಂದು ತಲೆಯಾಡಿಸಿ ಸ್ವಿಚ್ಚು ಹಾಕಿದರು. ಬೈರಯ್ಯ ಬಾಗಿಲಲ್ಲಿ ಇರಲಿಲ್ಲ. ಯಂತ್ರದ ಒಳಗೇ ಇದ್ದ, ಟವಲ್ಲೂ ಅವನ ಹೆಗಲ ಮೇಲೆಯೇ ಇತ್ತು. ಮುಂದಿನದನ್ನು ನಾನು ಬರೆಯಲಾರೆ. ಅವನ ಮುಖವನ್ನು ಕೆಂಗೇರಿಯ ಮನೆಯವರಿಗೆ ತೋರಿಸುವ ಹಾಗೆ ಇರಲಿಲ್ಲ ಎಂದಷ್ಟೇ ಹೇಳುತ್ತೇನೆ.

ಈಗ ನಿಮ್ಮ ತನಿಖೆಗೆ ಬರೋಣ. ಮಿಲ್ಲಿನವರ ಕಾರಿನಲ್ಲಿ ಬಂದಿರಿ. ಮ್ಯಾನೇಜರ ಬಂಗಲೆಯಲ್ಲಿ ಊಟ ಮಾಡಿದಿರಿ. ಊಟವಾದ ಮೇಲೆ ಅಲ್ಲೇ ಸ್ವಲ್ಪ ಹೊತ್ತು ಅಡ್ಡಾಗಿದ್ದಿರೆಂದು ಅಲ್ಲಿನ ಅಡುಗೆಯವರು ಹೇಳುತ್ತಾರೆ. ನಾನು ಆಕ್ಷೇಪಿಸುವುದಿಲ್ಲ, ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ. ಆದರೆ ಒಂದು ಮಾತು ನಿಮಗೆ ತಿಳಿದಿರಲಿ: ಆ ವಾರವೆಲ್ಲ ಆ ಕಾಂಪೌಂಡಿನೊಳಗೆ ನೆಮ್ಮದಿಯಾಗಿ ಕಣ್ಣು ಮುಚ್ಚಿದವರು ನೀವೊಬ್ಬರೇ. ಎದ್ದ ಮೇಲೆ ನನ್ನ ಗಂಡನನ್ನು ಕರೆಸಿ, ಉಪವಾಸವಿದ್ದೆಯಾ ಎಂದು ಕೇಳಿದಿರಿ. ಹೌದೆಂದರು. ರಾತ್ರಿಯೆಲ್ಲ ಎದ್ದಿದ್ದೆಯಾ ಎಂದಿರಿ. ಹೌದೆಂದರು. ಸಾಕು ಎಂದಿರಿ. ಅದೇ ವಿಭಾಗದ ತಿಮ್ಮಯ್ಯ ಕೈಮುಗಿದುಕೊಂಡು ಮುಂದೆ ಬಂದು, ಬಸಣ್ಣ ಮಲಗಿರಲಿಲ್ಲ ಸ್ವಾಮಿ, ನೆಟ್ಟಗೆ ನಿಂತಿದ್ದ, ಕಣ್ಣು ತೆರೆದೇ ಇತ್ತು, ಯಾರಿಗೋ ಉತ್ತರ ಕೊಟ್ಟ ಹಾಗೆ ತಲೆಯಾಡಿಸಿದ್ದನ್ನು ನಾನೇ ನೋಡಿದೆ ಎಂದ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಎಂದು ಅವನನ್ನು ಹಿಂದಕ್ಕೆ ಕಳಿಸಿದಿರಿ. ಮಾತ್ರೆಯ ವಿಷಯ ನೀವು ಕೇಳಲಿಲ್ಲ. ಕಲ್ಯಾಣಾಧಿಕಾರಿಗಳು ನಿಮ್ಮ ಪಕ್ಕದ ಕುರ್ಚಿಯಲ್ಲೇ ಇದ್ದರು, ಅವರಿಗೂ ಜ್ಞಾಪಕ ಬರಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನೀವು ಶಿವರಾತ್ರಿಗೆ ಬರೆ ಹಾಕಿದಿರಿ. ಮಾನ್ಯರೇ, ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದಿಂದ ನಾವು ಜಾಗರಣೆ ಮಾಡಿಕೊಂಡು ಬಂದಿದ್ದೇವೆ. ಅದರಿಂದ ಯಾರ ಕೈ ಹೋಯಿತು, ಯಾರ ಪ್ರಾಣ ಹೋಯಿತು? ಗುಡಿಯಲ್ಲಿ ಭಜನೆಯಿರುತ್ತದೆ, ತೂಕಡಿಸಿದವರನ್ನು ಪಕ್ಕದವರು ತಿವಿದು ನಗುತ್ತಾರೆ, ಮುದುಕರು ಕಂಬಕ್ಕೊರಗಿ ಗೊರಕೆ ಹೊಡೆದರೂ ಶಿವನು ಅವರ ಹೆಸರು ಹಲಗೆಗೆ ಅಂಟಿಸುವುದಿಲ್ಲ. ಮುಖ್ಯವಾಗಿ, ಜಾಗರಣೆಗೆ ಒಂದು ಬೆಳಗಿದೆ. ಬೆಳಗಾದರೆ ಸ್ನಾನ, ಪೂಜೆ, ಊಟ, ಆ ಸಂಜೆ ಬೇಗ ಹಾಸಿಗೆ. ದೇವರು ವರ್ಷಕ್ಕೊಂದು ರಾತ್ರಿ ಕೇಳಿ ಮನೆಗೆ ಕಳಿಸುತ್ತಾನೆ. ನಿಮ್ಮ ಮಿಲ್ಲಿನ ಜಾಗರಣೆಗೆ ಬೆಳಗೇ ಇರಲಿಲ್ಲ. ಅದನ್ನು ವರದಿಯ ಯಾವ ಸಾಲಿನಲ್ಲಿ ಬರೆದಿದ್ದೀರಿ?

ಅನಾಹುತದ ನಂತರ ನನ್ನ ಗಂಡನನ್ನು ಮಿಲ್ಲಿನಿಂದ ಬಿಡಿಸಿದರು. ಈಗ ಅವರು ನಡುಮನೆಯ ಬೆಂಚಿನ ಮೇಲೆ ತಲೆಬಾಗಿಲಿಗೆ ಮುಖಮಾಡಿ ಕೂತಿರುತ್ತಾರೆ. ಮಾತ್ರೆಯ ಕಾವು ಇಳಿದು ತಿಂಗಳುಗಳಾದವು, ನಿದ್ದೆ ಬಾರದ ಕಾಯಿಲೆಯಲ್ಲ ಇದು. ನಿದ್ದೆ ಬರುತ್ತದೆ, ಅವರು ಅದನ್ನು ಓಡಿಸುತ್ತಾರೆ. ರೆಪ್ಪೆ ಭಾರವಾದರೆ ಎದ್ದು ಕಣ್ಣಿಗೆ ತಣ್ಣೀರು ಎರಚಿಕೊಳ್ಳುತ್ತಾರೆ, ತೊಡೆ ಚಿವುಟಿಕೊಳ್ಳುತ್ತಾರೆ, ಹಿತ್ತಲಲ್ಲಿ ಸುತ್ತುತ್ತಾರೆ. ಕೂತಲ್ಲೇ ಕತ್ತು ವಾಲಿದರೆ ಬೆಚ್ಚಿ ಎದ್ದು, ಅವ್ವ ಎಲ್ಲಿ ಎಂದು ಕೇಳುತ್ತಾರೆ. ಶಿವಕ್ಕನವರು ಇಲ್ಲೇ ಇದೀನಪ್ಪಾ ಎಂದು ಒಳಗಿನಿಂದ ಹೇಳಬೇಕು. ಅಷ್ಟಕ್ಕೇ ಸಮಾಧಾನವಿಲ್ಲ, ಎದ್ದುಹೋಗಿ ನೋಡಿಕೊಂಡು ಬರುತ್ತಾರೆ. ಏಕೆ ಹೀಗೆ ಮಾಡುತ್ತೀರಿ ಎಂದು ನಾನು ಒಂದು ದಿನ ಅತ್ತು ಕೇಳಿದೆ. ಅವರು ಶಾಂತವಾಗಿಯೇ ಹೇಳಿದರು.

"ನಾನು ಮಲಗಿದ್ರೆ ಯಾರೋ ಒಬ್ರು ಹೋಗ್ತಾರೆ ಕಣೇ. ಸರ್ಕಾರದೋರೇ ಬರೆದಿಲ್ವಾ?"

ಟವಲ್ಲು ಕಂಡಿತೆಂದು ನೀವೇ ಹೇಳಿದಿರಲ್ಲ, ಕಣ್ಣು ತೆರೆದಿತ್ತೆಂದು ತಿಮ್ಮಯ್ಯನೂ ಹೇಳಿದನಲ್ಲ ಎಂದೆ. ಕಂಡದ್ದು ನಿಜವೆಂದು ತಾನೂ ಅಂದುಕೊಂಡಿದ್ದೆ, ಆದರೆ ಅಷ್ಟು ಓದಿದವರು ಬಂದು ನೋಡಿ ಮಲಗಿದ್ದೆನೆಂದು ಬರೆದಿದ್ದಾರೆ, ಅವರಿಗೆ ಸುಳ್ಳು ಬರೆದು ಏನಾಗಬೇಕು ಎಂದರು. ಮಾನ್ಯರೇ, ನಿಮ್ಮ ವರದಿಯನ್ನು ಇಡೀ ಮೈಸೂರು ರಾಜ್ಯದಲ್ಲಿ ಒಂದಕ್ಷರವೂ ಬಿಡದೆ ನಂಬಿದವರು ಒಬ್ಬರೇ ಇರಬೇಕು. ಅವರನ್ನೇ ಅದು ಕೊಲ್ಲುತ್ತಿದೆ.

ಇಷ್ಟರಲ್ಲಿ ಬೈರಯ್ಯ ಮನೆಗೆ ಬರತೊಡಗಿದ. ಹೀಗೆ ಬರೆಯುವುದಕ್ಕೆ ನನಗೆ ಸಂಕೋಚವಾಗುತ್ತದೆ, ಆದರೆ ಬೇರೆ ಹೇಗೆ ಬರೆಯುವುದೋ ತಿಳಿಯದು. ಹಾಡುಹಗಲಲ್ಲಿ, ನಾವು ಮಾತಾಡುತ್ತಿರುವಾಗ, ನನ್ನ ಗಂಡ ಮಾತು ನಿಲ್ಲಿಸಿ ತಲೆಬಾಗಿಲ ಕಡೆ ನೋಡಿ ತಲೆಯಾಡಿಸುತ್ತಾರೆ. ಒಮ್ಮೊಮ್ಮೆ ಬೆಂಚಿನ ಮೇಲೆ ಸರಿದು ಜಾಗ ಮಾಡುತ್ತಾರೆ. ಟವಲ್ಲು ಬೀಸುತ್ತಾನಂತೆ, ಒಳಗೆ ಬರುವುದಿಲ್ಲವಂತೆ. ಸುತ್ತಮುತ್ತಲವರಿಗೆ ಇದು ಗೊತ್ತಾಗಿ, ಸಾಯುವುದಕ್ಕೆ ಮುಂಚೆಯೇ ಬೈರಯ್ಯನ ಜೀವ ಮೈಬಿಟ್ಟು ಹೊರಗೆ ನಿಂತಿತ್ತು, ಅದಕ್ಕೇ ಅಂದು ಕಂಡದ್ದು ಎಂದು ಮಾತಾಡಿಕೊಂಡರು. ಶಿವಕ್ಕನವರು ಬಾಗಿಲಿಗೆ ನಿಂಬೆಹಣ್ಣು ಕಟ್ಟಿದರು. ಆರೋಗ್ಯಶಾಸ್ತ್ರ ಕಲಿಸುವ ನಾನು ದೆವ್ವ ನಂಬುವವಳಲ್ಲ. ಆದರೂ ಶಾಲೆ ಬಿಟ್ಟು ಮನೆಗೆ ಬಂದಾಗ, ಹೊಸ್ತಿಲಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಒಳಗೆ ಕಾಲಿಡುವುದು ನನಗೂ ಅಭ್ಯಾಸವಾಗಿಬಿಟ್ಟಿದೆ.

ದೆವ್ವವನ್ನು ನಂಬದಿದ್ದ ಮೇಲೆ ಡಾಕ್ಟರನ್ನಾದರೂ ನಂಬಬೇಕಲ್ಲ. ಊರಿನ ಆಚೆ ತುದಿಯ ದೊಡ್ಡ ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೋದೆ. ಚನ್ನಕೇಶವ ಎಂಬ ಡಾಕ್ಟರು ನಾವು ಹೇಳಿದ್ದನ್ನೆಲ್ಲ ಕೇಳಿದರು. ಕೇಳುವುದೂ ಒಂದು ವಿದ್ಯೆ ಎಂದು ನನಗೆ ಗೊತ್ತಾದದ್ದು ನಿಮ್ಮ ತನಿಖೆಯ ನಂತರ. ಅಲ್ಲಿ ಮೆದುಳಿನ ಕೆಲಸವನ್ನು ಕಾಗದದ ಮೇಲೆ ಬರೆಯುವ ಒಂದು ಯಂತ್ರವಿದೆ. ತಲೆಯ ಮೇಲೆ ಅಲ್ಲಲ್ಲಿ ಅಂಟು ಹಚ್ಚಿ ತಂತಿ ಕೂರಿಸಿದರು. ಓಡುವ ಕಾಗದದ ಮೇಲೆ ಮುಳ್ಳಿನಂಥ ಲೇಖನಿಗಳು ಸಣ್ಣ ಸಣ್ಣ ಅಲೆಗಳನ್ನು ಗೀಚತೊಡಗಿದವು. ಗಂಟೆ ಸದ್ದಾದಾಗಲೆಲ್ಲ ಗುಂಡಿ ಒತ್ತಬೇಕೆಂದು ನನ್ನ ಗಂಡನಿಗೆ ಹೇಳಿದ್ದರು. ಅವರು ಒತ್ತುತ್ತಿದ್ದರು, ಕಣ್ಣು ಬಿಟ್ಟುಕೊಂಡೇ ಇದ್ದರು. ಇದ್ದಕ್ಕಿದ್ದಂತೆ ಲೇಖನಿಗಳು ದೊಡ್ಡದಾಗಿ, ನಿಧಾನವಾಗಿ ತೂಗಿದವು. ಗಂಟೆ ಸದ್ದಾಯಿತು, ಅವರು ಒತ್ತಲಿಲ್ಲ. ಗೋಡೆಯ ಕಡೆ ನೋಡಿ ತಲೆಯಾಡಿಸಿದರು. ಮತ್ತೆ ಸಣ್ಣ ಅಲೆಗಳು ಬಂದವು. ಏನಾಯಿತು ಎಂದು ಡಾಕ್ಟರು ಕೇಳಿದ್ದಕ್ಕೆ, ಬೈರ ಬಂದಿದ್ದ ಎಂದರು.

ಆಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಆ ಕಾಗದ ತೋರಿಸಿದರು. ಎಚ್ಚರದ ಅಲೆಗಳ ನಡುವೆ ಒಂದು ಚೋಟುದ್ದ ನಿದ್ದೆಯ ಅಲೆಗಳಿದ್ದವು.

"ಇಲ್ಲಿ ಅವರು ಇರಲಿಲ್ಲಮ್ಮ. ಕಣ್ಣು ತೆರೆದಿತ್ತು, ಮೆದುಳು ಮಲಗಿತ್ತು. ಅವರಿಗೇ ಇದು ಗೊತ್ತಾಗೋದಿಲ್ಲ, ಬೇಕು ಅಂತ ತಡೆಯೋಕೂ ಆಗೋದಿಲ್ಲ."

ಅವರು ಹೇಳಿದ್ದನ್ನು ನಿಮಗೆ ಅರ್ಥವಾಗುವ ಹಾಗೆ, ಅಂದರೆ ನನ್ನ ತರಗತಿಯ ಮಕ್ಕಳಿಗೆ ಹೇಳುವ ಹಾಗೆ, ಹೇಳುತ್ತೇನೆ. ಆ ಬಿಳಿ ಮಾತ್ರೆಗೆ ಆಂಫೆಟಮಿನ್ ಎಂದು ಹೆಸರು. ಅದು ನಿದ್ದೆಯ ಕೆಲಸವನ್ನು ತಾನು ಮಾಡುವುದಿಲ್ಲ. ನಿದ್ದೆಯನ್ನು ಬಾಗಿಲಾಚೆ ನಿಲ್ಲಿಸಿ ಅಗಳಿ ಹಾಕುತ್ತದೆ, ಅಷ್ಟೇ. ದಿನ ಕಳೆದ ಹಾಗೆ ಹೊರಗೆ ಕಾಯುವ ನಿದ್ದೆಯ ಒತ್ತಡ ಹೆಚ್ಚುತ್ತದೆ. ಮಾತ್ರೆ ನುಂಗುತ್ತಿರುವವರೆಗೂ ಮನುಷ್ಯನಿಗೆ ತಾನು ಚುರುಕಾಗಿದ್ದೇನೆ ಎನಿಸುತ್ತದೆ, ತಪ್ಪುವುದು ಗೊತ್ತಾಗುವುದಿಲ್ಲ. ಒಂದು ದಿನ ಅದನ್ನು ಬಿಟ್ಟರೆ ಅಗಳಿ ಮುರಿದು ನಿದ್ದೆ ನುಗ್ಗುತ್ತದೆ, ಕನಸನ್ನೂ ಜೊತೆಗೆ ತರುತ್ತದೆ, ಕಣ್ಣು ಮುಚ್ಚುವವರೆಗೂ ಕಾಯುವುದಿಲ್ಲ. ದಿನಾ ಕಂಡದ್ದೇ ಕಾಣುತ್ತದೆ. ನನ್ನ ಗಂಡನಿಗೆ ಕಂಡದ್ದು ಟವಲ್ಲು. ಈಗ ಅವರು ಹಟ ಹಿಡಿದು ಎಚ್ಚರವಿದ್ದು ಅದೇ ಗಾಯವನ್ನು ಕೆದಕುತ್ತಿದ್ದಾರಂತೆ. ಎಷ್ಟು ಎಚ್ಚರವಿರುತ್ತಾರೋ ಅಷ್ಟು ಬೈರಯ್ಯ ಬರುತ್ತಾನೆ. ನಾಲ್ಕು ದಿನ ನೆಮ್ಮದಿಯಾಗಿ ಮಲಗಿದರೆ ಬರುವುದನ್ನು ನಿಲ್ಲಿಸುತ್ತಾನೆ. ಹೀಗೇ ಬಿಟ್ಟರೆ ಬುದ್ಧಿ ಮರಳುವುದೋ ಇಲ್ಲವೋ ಹೇಳಲಾರೆ ಎಂದರು. ನಿದ್ದೆಯ ಔಷಧಿ ಕೊಟ್ಟರು. ನನ್ನ ಗಂಡ ಅದನ್ನು ಮುಟ್ಟಲಿಲ್ಲ. ಮಿಲ್ಲಿನ ಮಾತ್ರೆಯನ್ನು ಕಣ್ಣಿಗೊತ್ತಿಕೊಂಡವರು ಡಾಕ್ಟರ ಮಾತ್ರೆಯನ್ನು ಹಿತ್ತಲಿಗೆ ಎಸೆದರು.

ಯುಗಾದಿ ಕಳೆದ ಮೇಲೆ ಕೆಂಗೇರಿಯಿಂದ ಹನುಮಕ್ಕ ಬಂದಳು. ಬೈರಯ್ಯನ ಹೆಂಡತಿ. ಅವಳು ಬೇಲಿಯ ಹತ್ತಿರ ಕಾಣಿಸಿದಳು. ಬೈದು ಹೋಗಲಿ, ಅವಳಿಗೆ ಹಕ್ಕಿದೆ ಎಂದುಕೊಂಡೆ. ಅವಳು ಒಂದು ಗಂಟು ಹುಣಸೆಹಣ್ಣನ್ನು ಅತ್ತೆಯ ಕೈಗೆ ಕೊಟ್ಟು, ನನ್ನ ಗಂಡನ ಎದುರಿಗೆ ನೆಲದ ಮೇಲೆ ಕೂತಳು. ಅವರು ತಲೆಯೆತ್ತಲಿಲ್ಲ. ಆಮೇಲೆ ಅವಳು ಕೇಳಿದಳು.

"ನೀವು ನೋಡ್ದಾಗ ಅವ್ರು ನಗ್ತಿದ್ರಾ ಅಣ್ಣ?"

ನಗ್ತಿದ್ದ ಎಂದರು ನನ್ನ ಗಂಡ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಿಲ್ಲಿನವರು ತನಗೆ ಗಂಡನ ಮುಖ ತೋರಿಸಲಿಲ್ಲ, ಕೊನೆಯಲ್ಲಿ ಹೇಗಿದ್ದರೋ ಎಂದು ಅದೇ ಕೊರೆಯುತ್ತಿತ್ತು, ಕೊನೆಗೆ ನೋಡಿದವರು ನೀವೊಬ್ಬರೇ, ಅದಕ್ಕೇ ಕೇಳಿಹೋಗಲು ಬಂದೆ ಎಂದಳು. ಕನಸಾದರೂ ಆಗಲಿ, ನಗುತ್ತಿದ್ದರಲ್ಲ, ಅಷ್ಟು ಸಾಕು ಎಂದಳು. ಹೊರಡುವಾಗ ಹೊಸ್ತಿಲಲ್ಲಿ ನಿಂತು ಹೇಳಿದಳು.

"ನಿಮ್ಮೇಲೆ ನಂಗೇನೂ ಇಲ್ಲಣ್ಣ. ಮಲೀಕಳಿ. ಅವ್ರಿದ್ದಿದ್ರೂ ಅದ್ನೇ ಹೇಳೋರು."

ಅವಳು ಹೋದ ಮೇಲೆ ನನ್ನ ಗಂಡ ಹೆಗಲು ಅಲುಗುವ ಹಾಗೆ ಅತ್ತರು. ಇನ್ನು ಮಲಗುತ್ತಾರೆ ಎಂದು ನಾನು ಹಾಸಿಗೆ ಬಿಡಿಸಿದೆ. ಅವರು ಹಾಸಿಗೆಯ ತುದಿಯಲ್ಲಿ ಕೂತು, ಅವಳು ಒಳ್ಳೆಯವಳು, ಏನೋ ಹೇಳುತ್ತಾಳೆ, ಬರೆದದ್ದು ಹಾಗೆ ಇಲ್ಲವಲ್ಲ ಎಂದರು. ಎದ್ದು ಹೋಗಿ ಮತ್ತೆ ಬೆಂಚಿನ ಮೇಲೆ ಕೂತರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಗಾದೆ. ಗಂಡನನ್ನು ಕಳೆದುಕೊಂಡವಳು ಕ್ಷಮಿಸಿದರೂ ನಿಮ್ಮ ಕಚೇರಿ ಕ್ಷಮಿಸಲಿಲ್ಲ. ತಪ್ಪೇ ಮಾಡದವನಿಗೆ ಕ್ಷಮೆಯಾದರೂ ಏಕೆ ಬೇಕು ಎಂದು ನೀವು ಕೇಳಿದರೆ, ಅದೇ ಪ್ರಶ್ನೆಯನ್ನು ನಾನೂ ಕೇಳುತ್ತಿದ್ದೇನೆ.

ಡಾಕ್ಟರು ಹೇಳಿದ ಹಾಗೆ ಅಂದು ಮೆದುಳು ಮಲಗಿತ್ತಲ್ಲ, ಹಾಗಾದರೆ ನನ್ನ ವಾಕ್ಯ ಸರಿಯೇ ಎಂದು ನೀವು ವಾದಿಸಬಹುದು. ನೀವು ವಾದಿಸುವ ಜಾತಿಯವರೆಂದು ನನಗೆ ಗೊತ್ತು. ಮನುಷ್ಯನನ್ನು ನೀರಿನಲ್ಲಿ ಅದುಮಿ ಹಿಡಿದು, ಆಮೇಲೆ ಅವನು ಉಸಿರಾಡದೆ ಸತ್ತ ಎಂದು ಬರೆದರೆ ಅದೂ ಸರಿಯೇ. ಅದುಮಿದ ಕೈ ಯಾರದೆಂದು ಬರೆಯಬೇಕಲ್ಲವೇ? ತನಿಖೆ ಎಂದರೆ ಅದಲ್ಲವೇ? ನೀವು ಬರೆಯದೆ ಬಿಟ್ಟ ಕೈ ಈಗಲೂ ಕೆಲಸ ಮಾಡುತ್ತಿದೆ. ಮಿಲ್ಲಿನ ಕ್ಯಾಂಟೀನಿನಲ್ಲಿ ಕಾಫಿಯ ಜೊತೆಗೆ ಮಾತ್ರೆ ಹಂಚುವುದು ನಿಂತಿಲ್ಲ. ನನ್ನ ಗಂಡನ ಜಾಗದಲ್ಲಿ ಈಗ ಸ್ವಿಚ್ಚಿನ ಮುಂದೆ ನಿಲ್ಲುವವನು ತಿಮ್ಮಯ್ಯ. ಮೊನ್ನೆ ಅವನ ಹೆಂಡತಿ ಸಿಕ್ಕಿದ್ದಳು. ಗಂಡ ಬಹಳ ಚುರುಕಾಗಿದ್ದಾನೆ, ಮನೆಗೆಲ್ಲ ಸುಣ್ಣ ಬಳಿದಿದ್ದಾನೆ ಎಂದು ಸಂಭ್ರಮದಿಂದ ಹೇಳಿದಳು.

ಶಿವರಾತ್ರಿಯ ದಿನ ನುಂಗದೆ ಉಳಿದ ಆ ಮಾತ್ರೆ ನನ್ನ ಬಳಿ ಇದೆ. ಅಂಗಿ ಒಗೆಯುವಾಗ ಜೇಬಿನಲ್ಲಿ ಸಿಕ್ಕಿತು. ಕುಂಕುಮದ ಭರಣಿಯ ಪಕ್ಕದಲ್ಲಿ ಇಟ್ಟಿದ್ದೇನೆ. ನಿಮಗೆ ಸಾಕ್ಷಿ ಬೇಕಾದರೆ ಬಂದು ತೆಗೆದುಕೊಂಡು ಹೋಗಬಹುದು. ಏನೆಂದು ನಂಬಿಕೆ ಬಾರದಿದ್ದರೆ ಒಂದು ಲೋಟ ಕಾಫಿಯನ್ನೂ ಮಾಡಿಕೊಡುತ್ತೇನೆ.

ನಾನು ಕೇಳುವುದು ಇಷ್ಟು. ಆ ಮಾತ್ರೆ ಹಂಚುವುದನ್ನು ನಿಲ್ಲಿಸಿ, ತಿಮ್ಮಯ್ಯನ ಮನೆಯ ಸುಣ್ಣ ಒಣಗುವುದರೊಳಗೆ. ಹಲಗೆಗೆ ಅಂಟಿಸಿದ ವಾಕ್ಯವನ್ನು ನೀವೇ ನಿಂತು ಕೀಳಿಸಿ. ಆಮೇಲೆ ನಮ್ಮ ಮನೆಗೆ ಬನ್ನಿ. ಕಾಗದ ಕಳಿಸಬೇಡಿ, ಕಾಗದದಿಂದ ನಮಗೆ ಆಗಿರುವುದು ಸಾಕು. ನೀವೇ ಬನ್ನಿ, ಕೋಟು ಹಾಕಿಕೊಂಡೇ ಬನ್ನಿ, ಸರ್ಕಾರ ಬಂತೆಂದು ಅವರಿಗೆ ಗೊತ್ತಾಗಲಿ. ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕೂತು ನಿಮ್ಮ ಬಾಯಿಂದ ಹೇಳಿ: ಬಸವಲಿಂಗಪ್ಪನವರೇ, ನೀವು ನಿದ್ದೆ ಮಾಡಿದ್ದರಿಂದ ಬೈರಯ್ಯ ಸಾಯಲಿಲ್ಲ. ನಿಮಗೆ ನಿದ್ದೆ ಮಾಡಲು ಬಿಡದೆ ಇದ್ದದ್ದರಿಂದ ಸತ್ತ. ನನ್ನ ಮಾತನ್ನು ಅವರು ನಂಬಲಿಲ್ಲ, ಡಾಕ್ಟರ ಮಾತನ್ನು, ಹನುಮಕ್ಕನ ಮಾತನ್ನು ನಂಬಲಿಲ್ಲ. ನಿಮ್ಮದನ್ನು ನಂಬುತ್ತಾರೆ. ನಿಮ್ಮ ಸುಳ್ಳನ್ನೇ ನಂಬಿದವರು, ನಿಮ್ಮ ನಿಜವನ್ನು ನಂಬದೆ ಇರುತ್ತಾರೆಯೇ?

ನೀವು ಹೇಳಿ ಮುಗಿಸುವಷ್ಟರಲ್ಲಿ ಅವರ ಕಣ್ಣು ಮುಚ್ಚಬಹುದು. ಮುಚ್ಚಿದರೆ ಎಬ್ಬಿಸಬೇಡಿ, ಸಹಿ ಕೇಳಬೇಡಿ, ಚಪ್ಪಲಿಯ ಸದ್ದಾಗದಂತೆ ಎದ್ದು ಹೋಗಿ. ಹೊಸ್ತಿಲು ದಾಟುವಾಗ ಸ್ವಲ್ಪ ಪಕ್ಕಕ್ಕೆ ಸರಿದು ನಡೆಯಿರಿ. ಕೆಂಪು ಟವಲ್ಲು ಹಾಕಿಕೊಂಡವನೊಬ್ಬ ಅಲ್ಲಿ ಬಹಳ ದಿನದಿಂದ ನಿಂತಿದ್ದಾನೆ. ಅವನೂ ಮನೆಗೆ ಹೋಗಬೇಕು.

ಇಂತಿ,
ರಾಜಾಜಿನಗರದ ಮಲಗದ ಮನೆಯಿಂದ,
ನಿಮ್ಮ ದಯೆಯಿಂದ ಗಂಡನ ಹೆಸರು ಹೇಳಲು ಕಲಿತ
ಜಗದಾಂಬಾ ಬಸವಲಿಂಗಪ್ಪ